ಅಳು ಕಾಣದ ಹಾಗೆ

ಜೂನ್ ೩, ಮಂಗಳವಾರ

ನನ್ನ ಕಂಪ್ಯೂಟರ್ ಈಗ ತಂಗಿಯ ಮನೆಯ ಊಟದ ಮೇಜಿನ ಮೇಲೆ ಕೂತಿದೆ. ಊಟ ನೆಲದ ಮೇಲೆ. ಸ್ಟುಡಿಯೊ ಮಾಲೀಕರು ಒಪ್ಪಿದ್ದಾರೆ: ಎಡಿಟಿಂಗ್ ಎಲ್ಲ ಮನೆಯಿಂದಲೇ, ವಾರಕ್ಕೊಮ್ಮೆ ಹೋಗಿ ಮುಖ ತೋರಿಸಿದರೆ ಸಾಕು. "ನಿನ್ನದೊಂದು ಬಿಟ್ಟು ಊರೋರ ಮದುವೆಯೆಲ್ಲ ನಿನ್ನ ಕೈಯಿಂದಲೇ ಆಗಿದೆ ಕಣಮ್ಮ, ಇಷ್ಟೂ ಮಾಡದಿದ್ರೆ ಹೇಗೆ" ಎಂದರು. ಹನ್ನೆರಡು ವರ್ಷದಿಂದ ಅದೇ ಜೋಕು. ನಾನೂ ಹನ್ನೆರಡು ವರ್ಷದಿಂದ ನಗುತ್ತಿದ್ದೇನೆ.

ತಂಗಿಯನ್ನು ದೊಡ್ಡಾಸ್ಪತ್ರೆಗೆ ಸೇರಿಸಿ ಐದು ದಿನವಾಯಿತು. ರೈಲಿನಲ್ಲಿ ಹನ್ನೊಂದು ಗಂಟೆಯ ದಾರಿ. ರಕ್ತದ ಕಾಯಿಲೆ. ಎರಡು ಸುತ್ತು ಚಿಕಿತ್ಸೆ, ಎರಡೂ ಮುಗಿಸಿದರೆ ಬದುಕುತ್ತಾಳೆ ಎಂದಿದ್ದಾರೆ. ಸೋಂಕು ತಗಲಬಾರದೆಂದು ಗಾಜಿನ ಕೋಣೆಯಲ್ಲಿ ಇಟ್ಟಿದ್ದಾರಂತೆ. ಅವಳ ಗಂಡ ಗಾಜಿನ ಈಚೆ ನಿಂತು ಕೈಸನ್ನೆ ಮಾಡುತ್ತಾ ದಿನ ಕಳೆಯುತ್ತಾರೆ. ಅವರು ಶಾಲೆಯಲ್ಲಿ ಗಣಿತ ಕಲಿಸುವವರು. ನನಗೆ ಮೊದಲಿನಿಂದಲೂ ಮೇಷ್ಟ್ರು.

ಮಗಳು ನನ್ನ ಪಾಲಿಗೆ. ಆರು ವರ್ಷ. ತಿಂದದ್ದು ಮೈಗೆ ಹತ್ತದ ಕಾರಣ ಎಲ್ಲರ ಬಾಯಲ್ಲೂ ಕಡ್ಡಿ. ಇವತ್ತು ಮೂರು ಸಲ ಬಾಗಿಲಿಗೆ ಹೋಗಿ ಅಮ್ಮನ ಚಪ್ಪಲಿ ಬಂದಿದೆಯೇ ಎಂದು ನೋಡಿ ಬಂದಳು. ಮಕ್ಕಳನ್ನು ಬೆಳೆಸಿ ಗೊತ್ತಿಲ್ಲ ನನಗೆ. ಆದರೂ ಈ ಮಗುವಿನ ಕಣ್ಣಲ್ಲಿ ಒಂದು ಹನಿ ಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದು ತಂಗಿಗೆ ಮಾತು ಕೊಟ್ಟಿದ್ದೇನೆ.

ಜೂನ್ ೫, ಗುರುವಾರ

ವಿಡಿಯೊ ಕಾಲ್ ಮಾಡಿದ್ದೇ ತಪ್ಪಾಯಿತು. ಚಿಕಿತ್ಸೆಗೆಂದು ತಲೆ ಬೋಳಿಸಿದ್ದ ಅಮ್ಮನನ್ನು ನೋಡಿ ಕಡ್ಡಿ ಮೊದಲು ನನ್ನ ಬೆನ್ನ ಹಿಂದೆ ಅಡಗಿದಳು. ಗುರುತು ಸಿಕ್ಕಿದ ಮೇಲೆ ಫೋನನ್ನು ಎದೆಗೆ ಅವುಚಿಕೊಂಡು ಕಿರುಚಿದಳು, ಕೊನೆಗೆ ವಾಂತಿ ಮಾಡಿಕೊಂಡಳು. ಅಲ್ಲಿ ತಂಗಿ ಹಾಸಿಗೆಯಿಂದ ಎದ್ದೇಬಿಟ್ಟಳಂತೆ, ಕೈಗೆ ಚುಚ್ಚಿದ್ದ ಸೂಜಿ ಕಿತ್ತುಬಂದು ಹಾಸಿಗೆಯೆಲ್ಲ ರಕ್ತ. ನರ್ಸು ಮೇಷ್ಟ್ರಿಗೆ ಎಲ್ಲರೆದುರು ಬೈದರಂತೆ. ಇನ್ನು ಮುಂದೆ ನೇರ ಮಾತು ಬೇಡ, ರೆಕಾರ್ಡ್ ಮಾಡಿ ಕಳಿಸಿಕೊಳ್ಳಿ ಎಂದು ಡಾಕ್ಟರ ಅಪ್ಪಣೆ.

ಸಂಜೆ ಮೇಷ್ಟ್ರು ಫೋನ್ ಮಾಡಿದರು. "ಅಕ್ಕಾ, ಹೇಗೂ ನಿಮ್ಮ ಕೆಲಸಾನೇ ಅದು. ಅಳೋದು ಗಿಳೋದು ಇದ್ರೆ ಸ್ವಲ್ಪ ತೆಗೆದು ಕಳಿಸಿ. ಎರಡು ಕಡೇನೂ ತಡ್ಕೊಳಕ್ಕಾಗಲ್ಲ."

ಆಯಿತು ಎಂದೆ. ನೆಲ ಒರೆಸಿ, ಕಡ್ಡಿಗೆ ಬಟ್ಟೆ ಬದಲಿಸಿ, ನಾನೂ ಒಂದಿಷ್ಟು ಅತ್ತು ಮಲಗಿದೆ.

ಜೂನ್ ೮, ಭಾನುವಾರ

ತಂಗಿಯ ಮೊದಲ ವಿಡಿಯೊ ಬಂತು. ಹನ್ನೊಂದು ನಿಮಿಷ. ಹಾಲು ಕುಡಿದೆಯಾ, ಜಡೆ ಯಾರು ಹಾಕ್ತಾರೆ, ನಿನ್ನ ಬೀಳೋ ಹಲ್ಲು ಬಿತ್ತಾ, ನಾನು ಬೇಗ ಬರ್ತೀನಿ. ನಡುವೆ ನಾಲ್ಕು ಸಲ ಕೆಮ್ಮು. ಒಮ್ಮೆ ಗೋಡೆಯ ಕಡೆ ತಿರುಗಿ ಅತ್ತಳು, ತಿರುಗಿ ಬಂದು ನಕ್ಕಳು. ಕೆಮ್ಮನ್ನೂ ಅಳುವನ್ನೂ ತೆಗೆದೆ. ಒಂಬತ್ತು ನಿಮಿಷ ಉಳಿಯಿತು.

ತುಂಡು ತೆಗೆದು ಎರಡು ತುದಿಗಳನ್ನು ಹಾಗೇ ಅಂಟಿಸಿದರೆ ಮುಖ ಟಕ್ಕೆಂದು ಹಾರುತ್ತದೆ, ಕಣ್ಣಿಗೆ ಕುಕ್ಕುತ್ತದೆ. ಅದಕ್ಕೇ ಜೋಡಣೆಯ ಮೇಲೆ ಒಂದು ಡಿಸಾಲ್ವ್ ಹಾಕುವುದು. ಹಿಂದಿನ ಚಿತ್ರ ಕರಗುತ್ತಾ ಹೋಗುವಾಗಲೇ ಮುಂದಿನದು ಮೂಡುತ್ತಾ ಬರುತ್ತದೆ. ಒಂದು ಸೆಕೆಂಡಿನ ಕೆಲಸ. ಮದುವೆ ವಿಡಿಯೊಗಳಲ್ಲಿ ಬೀಗರ ಜಗಳವನ್ನು ನಾನು ಎಷ್ಟು ಸಲ ಹೀಗೆ ನುಂಗಿಸಿದ್ದೇನೋ ಲೆಕ್ಕವಿಲ್ಲ.

ಆಮೇಲೆ ಕಡ್ಡಿಯ ಉತ್ತರ ತೆಗೆದೆ. ನಾಲ್ಕು ನಿಮಿಷ. ಹಲ್ಲು ತೋರಿಸಿದಳು, ಹೊಸ ಪೆನ್ಸಿಲ್ ತೋರಿಸಿದಳು, ಆಮೇಲೆ "ಅಮ್ಮ ಯಾವಾಗ ಬರ್ತೀಯ" ಎಂದು ಶುರುಮಾಡಿದವಳು ಒಂದು ನಿಮಿಷ ಬಿಡದೆ ಅತ್ತಳು. ಅದನ್ನೂ ತೆಗೆದೆ. ಹಲ್ಲಿನಿಂದ ನೇರ ಪೆನ್ಸಿಲ್ಲಿಗೆ, ಪೆನ್ಸಿಲ್ಲಿನಿಂದ ಟಾಟಾ ಮಾಡುವ ಕೈಗೆ.

ಕಳಿಸುವ ಮುಂಚೆ ಕೈ ಸ್ವಲ್ಪ ತಡೆಯಿತು. ಬೀಗರ ಜಗಳ ಬೇರೆ, ಇದು ಬೇರೆ ಎನಿಸಿತು. ಹಾಲು ತರಲು ಹೋದಾಗ ಎದುರುಮನೆಯ ಟೈಲರಮ್ಮನ ಹತ್ತಿರ ಹೇಳಿಕೊಂಡೆ. ಆಕೆ ಬಾಯಲ್ಲಿದ್ದ ದಾರ ಕಡಿದು ಹೇಳಿದರು: "ಅಳದೆ ಇದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ ಅಂತಾರೆ. ಮಗು ಅತ್ರೆ ಅಳ್ಲಿ ಬಿಡಿ, ಅವರಮ್ಮನ ಹತ್ರ ತಾನೆ ಅಳೋದು."

ಹೊಲಿಗೆಯವರಿಗೇನು, ಬಟ್ಟೆ ಅಳುವುದಿಲ್ಲ. ಕಳಿಸಿದೆ.

ಜೂನ್ ೧೫, ಭಾನುವಾರ

ವಿಡಿಯೊ ನೋಡಿ ತಂಗಿ ನಿದ್ದೆ ಮಾಡಿದಳಂತೆ. ಕಡ್ಡಿಯೂ ವಾಂತಿ ಮಾಡಿಕೊಳ್ಳಲಿಲ್ಲ. ಸರಿಯಾದ ಕೆಲಸವನ್ನೇ ಮಾಡಿದ್ದೇನೆ.

ಈ ಮನೆಯಲ್ಲಿ ಕೂತು ಅವಳ ಮುಖವನ್ನೇ ದಿನವಿಡೀ ನೋಡುವುದು ವಿಚಿತ್ರವಾಗಿದೆ. ಕೂದಲಿಲ್ಲದಿದ್ದರೂ ಚೆಲುವೆ. ನಮ್ಮಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು, "ನೋಡೋಕೆ ಚಿಕ್ಕೋಳು, ಕೆಲಸಕ್ಕೆ ದೊಡ್ಡೋಳು" ಎಂದು. ಹೆಣ್ಣು ನೋಡಲು ಬಂದವರಿಗೂ ಹೇಳಿದಳೋ ಏನೋ, ನನ್ನನ್ನು ನೋಡಲು ಬಂದ ಮೇಷ್ಟ್ರು ಅವಳನ್ನು ಒಪ್ಪಿಕೊಂಡು ಹೋದರು. ಅದು ಹಳೆಯ ಮಾತು. ನಾನೇ ಆ ಮದುವೆಯ ವಿಡಿಯೊ ಎಡಿಟ್ ಮಾಡಿದ್ದು. ಚೆನ್ನಾಗಿಯೇ ಮಾಡಿದ್ದೆ.

ಇವತ್ತು ಕಡ್ಡಿಗೆ ಎರಡು ಜಡೆ ಹಾಕಿದೆ. ನನ್ನ ಕೈಗೆ ಜಡೆ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಜೂನ್ ೨೪, ಮಂಗಳವಾರ

ಮಾನ ಹೋಯಿತು.

ಮೇಷ್ಟ್ರು ಬೆಳಿಗ್ಗೆಯೇ ಫೋನ್ ಮಾಡಿದರು. ಧ್ವನಿಯಲ್ಲಿ ಸಂತೋಷ ತುಳುಕುತ್ತಿತ್ತು. "ಅಕ್ಕಾ, ನಿನ್ನೆಯಿಂದ ಮೂರು ಹೊತ್ತೂ ಊಟ ಮಾಡಿದಾಳೆ! ನೀವು ಭಾನುವಾರ ಕಳಿಸಿದ್ರಲ್ಲ, ಅದ್ರಲ್ಲಿ ಒಂದು ಕಡೆ ಕಡ್ಡಿ ಅತ್ತ ಹಾಗೆ ಕಾಣ್ಸುತ್ತಂತೆ. ಮಸುಕು ಮಸುಕಾಗಿ, ಕಣ್ಣು ಮುಚ್ಚಿ ಬಿಡೋದ್ರೊಳಗೆ ಮಾಯ. ಅದನ್ನೇ ನಿಲ್ಸಿ ನಿಲ್ಸಿ ನೋಡ್ತಾ ಕೂತಿದಾಳೆ. 'ನೋಡ್ರೀ, ಅವಳು ನಂಗೋಸ್ಕರ ಅಳ್ತಾಳೆ, ನಾನು ಸಾಯಂಗಿಲ್ಲ' ಅಂತಾಳೆ. ನಗ್ತಾ ಹೇಳಿದ್ಲು ಅಕ್ಕಾ."

ಫೋನಿಟ್ಟು ಆ ಜಾಗ ತೆರೆದು ಫ್ರೇಮ್ ಫ್ರೇಮ್ ಆಗಿ ನೋಡಿದೆ. ಇದೆ. ಕೆಲಸ ಕಲಿಯಲು ಬಂದ ಮೊದಲ ವಾರದಲ್ಲಿ ಮಾಡುವ ತಪ್ಪು. ಡಿಸಾಲ್ವ್‌ಗೆ ಕರಗಿಸಲು ಒಂದಿಷ್ಟು ಚಿತ್ರ ಬೇಕು, ಅದನ್ನು ಅದು ಕತ್ತರಿಸಿದ ಗೆರೆಯ ಆಚೆಯಿಂದ ಎಳೆದುಕೊಳ್ಳುತ್ತದೆ. ಗೆರೆಯ ಆಚೆ ಇರುವುದು ನಾವು ಬೇಡವೆಂದು ಬಿಟ್ಟದ್ದೇ. ನಾನು ಸರಿಯಾಗಿ ಅಳು ಶುರುವಾಗುವ ಹೊತ್ತಿಗೆ ಕತ್ತರಿಸಿದ್ದೆ. ಅಲ್ಲಿಂದ ಹನ್ನೆರಡು ಫ್ರೇಮು, ಅಂದರೆ ಅರ್ಧ ಸೆಕೆಂಡು, ಕಡ್ಡಿಯ ಬಾಯಿ ಸೊಟ್ಟಗಾಗುವುದು ಟಾಟಾ ಮಾಡುವ ಕೈಯ ಚಿತ್ರದ ಕೆಳಗೆ ತೇಲಿ ಹೋಗಿದೆ.

ಅವಳು ಊಟ ಮಾಡಿದ್ದು ಒಳ್ಳೆಯದೇ. ಆದರೆ ಹನ್ನೆರಡು ವರ್ಷ ಕೆಲಸ ಮಾಡಿದವಳ ಕೈಯಲ್ಲಿ ಇಂಥ ತಪ್ಪು! ನೋಡಿದ್ದು ತಂಗಿಯಾದ್ದರಿಂದ ಬಚಾವು, ಗಿರಾಕಿಯಾಗಿದ್ದರೆ ಮುಖಕ್ಕೆ ಉಗಿಯುತ್ತಿದ್ದರು. ಈ ವಾರದ್ದರಲ್ಲಿ ಪ್ರತಿ ಜೋಡಣೆಯಲ್ಲೂ ಕತ್ತರಿಯನ್ನು ಅರ್ಧ ಸೆಕೆಂಡು ಹಿಂದೆ ಸರಿಸಿದ್ದೇನೆ. ಆಚೆಯಿಂದ ಎಳೆದುಕೊಂಡರೂ ಈಗ ಸಿಗುವುದು ಶಾಂತ ಮುಖವೇ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಜುಲೈ ೧, ಮಂಗಳವಾರ

ಭಾನುವಾರದ ವಿಡಿಯೊದಲ್ಲಿ ಎಲ್ಲಿ ನಿಲ್ಲಿಸಿದರೂ ಅಂಥದ್ದೇನೂ ಕಾಣಲಿಲ್ಲವಂತೆ. ತಂಗಿ ಮತ್ತೆ ಮತ್ತೆ ಹುಡುಕಿದಳಂತೆ. "ಅಕ್ಕಾ, ಅದು ಬರೀ ಅವಳ ಭ್ರಮೆ ಇರ್ಬಹುದಾ?" ಎಂದು ಮೇಷ್ಟ್ರು ಕೇಳಿದರು. ಇರಬಹುದು, ಜ್ವರದಲ್ಲಿ ಏನೇನೋ ಕಾಣುತ್ತದೆ ಎಂದೆ. ತಪ್ಪನ್ನು ನಾನೇ ಡಂಗುರ ಸಾರಿಕೊಳ್ಳಲೇನು.

ಜುಲೈ ೬, ಭಾನುವಾರ

ಅತ್ತ ಮೇಲೆ ಕತ್ತರಿಸುವುದಕ್ಕಿಂತ ಅಳದ ಹಾಗೆ ಚಿತ್ರೀಕರಿಸುವುದೇ ಸುಲಭ. ಇಷ್ಟು ದಿನ ಹೊಳೆಯಲಿಲ್ಲವಲ್ಲ. ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಹೇಳಬೇಕಾದ್ದನ್ನು ಮೊದಲೇ ಹೇಳಿಕೊಟ್ಟೆ. ನಗುತ್ತಾ ಹೇಳಿದರೆ ಒಂದು ಚಾಕೊಲೇಟು. ಗಂಟಲು ಗದ್ಗದವಾದರೆ "ಮತ್ತೊಂದ್ಸಲ" ಎನ್ನುತ್ತೇನೆ. ಹದಿನೇಳು ಸಲ ಆಯಿತು. ಹದಿನೇಳನೆಯದು ಮುತ್ತಿನಂತೆ ಬಂತು.

ಮಕ್ಕಳು ಎಷ್ಟು ಬೇಗ ಕಲಿಯುತ್ತಾರೆ! ಹೇಳಬೇಕಾದ್ದನ್ನು ಹೇಳಿ ಮುಗಿಸಿ, ಮೂರರವರೆಗೆ ಎಣಿಸುವಷ್ಟು ಹೊತ್ತು ಅಲುಗಾಡದೆ ಕೂರುತ್ತಾಳೆ, ಆಮೇಲೆ ಅಳುತ್ತಾಳೆ. ಕತ್ತರಿಗೆ ಜಾಗ ಬಿಟ್ಟುಕೊಡುವುದನ್ನು ಯಾರೂ ಹೇಳಿಕೊಟ್ಟಿದ್ದಲ್ಲ.

ಇವತ್ತು ಚಾಕೊಲೇಟು ತಿನ್ನುತ್ತಾ ಕೇಳಿದಳು: "ದೊಡ್ಡಮ್ಮ, ನಾನು ಅತ್ತಿದ್ದು ಎಲ್ಲಿಗೆ ಹೋಗುತ್ತೆ?"

"ಬೇರೆ ಒಂದು ಫೋಲ್ಡರಿಗೆ."

"ಅಮ್ಮ ಆ ಫೋಲ್ಡರ್ ನೋಡ್ತಾಳಾ?"

"ನೋಡ್ತಾಳೆ, ನೋಡ್ತಾಳೆ. ಬಾಯಿ ಒರೆಸ್ಕೊ."

ಜುಲೈ ೧೦, ಗುರುವಾರ

ಶಾಲೆಯಿಂದ ಬಂದವಳು ಬ್ಯಾಗ್ ಬಿಸಾಕುತ್ತಾ ಬಾಯಿ ತಪ್ಪಿ ನನ್ನನ್ನು ಅಮ್ಮ ಎಂದಳು. ತಿದ್ದಲಿಲ್ಲ. ಮಗುವನ್ನು ಎಲ್ಲದಕ್ಕೂ ತಿದ್ದುತ್ತಾ ಕೂರಬಾರದು.

ಜುಲೈ ೨೦, ಭಾನುವಾರ

ತಂಗಿ ಹದಿನಾಲ್ಕು ನಿಮಿಷ ಮಾತಾಡಿದ್ದಾಳೆ. ಬಾಯೆಲ್ಲ ಹುಣ್ಣು, ಅರ್ಧ ಮಾತು ಅರ್ಥವಾಗುವುದಿಲ್ಲ. ಮೊದಲ ಸುತ್ತು ಮೈಯನ್ನು ಹಿಂಡಿ ಹಾಕಿದೆ. ಕಡ್ಡಿಗೆ ಇದನ್ನೆಲ್ಲ ತೋರಿಸಲಾಗುವುದಿಲ್ಲ. ಎರಡು ನಿಮಿಷಕ್ಕೆ ಇಳಿಸಿದೆ. ಇನ್ನೂ ಸ್ವಲ್ಪ ಹೊತ್ತು ಕೂತು ಒಂದೂವರೆಗೆ ತಂದೆ.

"ಬೇಗ ಬರ್ತೀನಿ" ಎನ್ನುವುದನ್ನು ಈ ತಿಂಗಳು ಪೂರ್ತಿ ತೆಗೆಯುತ್ತಿದ್ದೇನೆ. ಬರುವುದು ಖಾತ್ರಿ ಇಲ್ಲದವರು ಮಗುವಿಗೆ ಮಾತು ಕೊಡಬಾರದು. ಅದನ್ನು ತೆಗೆಯುವುದು ಕಷ್ಟ, ಪ್ರತಿ ಮೂರು ಮಾತಿಗೊಮ್ಮೆ ಬರುತ್ತದೆ. ಹಾಗಾಗಿ ಡಿಸಾಲ್ವ್‌ಗಳು ಜಾಸ್ತಿಯಾದವು. ಒಂದರ ಹಿಂದೊಂದು ಕರಗುತ್ತಾ ಕರಗುತ್ತಾ ತಂಗಿಯ ಮುಖ ನೀರಿನೊಳಗಿದ್ದಂತೆ ಕಾಣುತ್ತದೆ. ನೋಡಲು ಚೆನ್ನಾಗಿಯೇ ಇದೆ.

ಕಡ್ಡಿ ನೋಡಿ ಮುಗಿಸಿ "ಅಷ್ಟೇನಾ?" ಎಂದಳು. ಅಷ್ಟೇ ಎಂದೆ. "ಅಮ್ಮ ಬರ್ತೀನಿ ಅಂತ ಹೇಳೋದೇ ಇಲ್ಲ" ಎಂದಳು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಎಷ್ಟು ಹೊತ್ತು ಕೂತಳು! ಕಾಲು ಜೋಮು ಹಿಡಿದರೂ ಎಬ್ಬಿಸಲಿಲ್ಲ. ನಲವತ್ತೊಂದು ವರ್ಷದಲ್ಲಿ ಇಷ್ಟು ಸುಖವಾದ ಮಧ್ಯಾಹ್ನ ನನಗೆ ನೆನಪಿಲ್ಲ.

ಟೈಲರಮ್ಮ ಬೇಲಿಯಾಚೆಯಿಂದ ಕೂಗಿ ಕೇಳಿದರು, "ಏನಂತಾಳೆ ನಿಮ್ಮ ತಂಗಿ?" ಚೆನ್ನಾಗಿದ್ದಾಳೆ ಎಂದೆ. "ಅವಳು ಚೆನ್ನಾಗಿದಾಳೆ, ಮಗು ಚೆನ್ನಾಗಿದೆ, ನೀವೂ ಚೆನ್ನಾಗಿದೀರ. ಮತ್ಯಾಕಮ್ಮ ಮಗು ನಮ್ಮನೆ ಮಿಷಿನ್ನಿನ ಕೆಳಗೆ ಕೂತು ಅಳುತ್ತೆ?" ಎಂದರು. ಊರ ಉಸಾಬರಿ. ಇನ್ನು ಮೇಲೆ ಕಡ್ಡಿಯನ್ನು ಆ ಮನೆಗೆ ಕಳಿಸುವುದಿಲ್ಲ.

ಜುಲೈ ೨೯, ಮಂಗಳವಾರ

ತಂಗಿಯಿಂದ ನನಗೆಂದೇ ಒಂದು ವಿಡಿಯೊ. ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆದಿಡುತ್ತೇನೆ.

"ಅಕ್ಕ, ಇದು ಕಡ್ಡಿಗಲ್ಲ, ನಿಂಗೆ. ಎರಡನೇ ಸುತ್ತಿಗೆ ಶುಕ್ರವಾರದೊಳಗೆ ಹೂಂ ಅನ್ಬೇಕಂತೆ. ತಡ ಮಾಡಿದ್ರೆ ಮೊದಲನೇದೂ ದಂಡ. ನಾನು ಬೇಡ ಅಂದಿದೀನಿ. ಇವರು ಅಳ್ತಾರೆ, ಕಡ್ಡಿ ಕೇಳ್ತಾಳೆ ಕಣೇ, ದಿನಾ ಕೇಳ್ತಾಳೆ ಅಂತ ಸುಳ್ಳು ಹೇಳ್ತಾರೆ. ನಾನು ನೋಡಿದೀನಲ್ಲ ವಿಡಿಯೊನ. ಒಂದೇ ಒಂದು ಸಲಾನೂ ನನ್ನ ಕೇಳಲ್ಲ ಅವಳು. ಎಷ್ಟು ಆರಾಮಾಗಿದಾಳೆ. ನೀನು ಹಾಗೆ ನೋಡ್ಕೊಂಡಿದೀಯ. ಒಳ್ಳೇದಾಯ್ತು ಬಿಡು. ಅವಳು ಕೇಳಿದ್ರೆ ಇನ್ನೊಂದು ಸಲ ಆ ನರಕಕ್ಕೆ ಹೋಗ್ತಿದ್ದೆ. ಕೇಳದೆ ಇರೋವಾಗ ಯಾರಿಗೋಸ್ಕರ ಹೋಗ್ಲಿ. ಅವಳನ್ನ ನಿನ್ನ ಕೈಗೆ ಹಾಕಿದೀನಿ."

ಅತ್ತೆ. ಸುಳ್ಳಲ್ಲ, ಕುಕ್ಕರು ಕೂಗಿದ್ದೂ ಕೇಳಿಸದಷ್ಟು ಅತ್ತೆ. ಆಮೇಲೆ ಕೊನೆಯ ಮಾತನ್ನು ಇನ್ನೊಮ್ಮೆ ಹಾಕಿ ಕೇಳಿದೆ. ಇನ್ನೊಮ್ಮೆ. ಧ್ವನಿ ಅಲ್ಲಿ ಬಹಳ ಚೆನ್ನಾಗಿ ರೆಕಾರ್ಡ್ ಆಗಿದೆ.

ಸಂಜೆ ಮೇಷ್ಟ್ರು ಫೋನಿನಲ್ಲಿ ಗೋಗರೆದರು. "ಅಕ್ಕಾ, ಮಗು ಅಳೋದು ಇದ್ಯಲ್ಲ ನಿಮ್ಮ ಹತ್ರ, ಅದನ್ನ ಕಳಿಸಿ. ಕಾಲ್ ಮಾಡಿದ್ರೆ ಅವಳು ಮುಖಾನೇ ತೋರಿಸಲ್ಲ ಅಂತಾಳೆ, ವಿಡಿಯೊ ಆದ್ರೆ ನೋಡ್ತಾಳೆ. ಇದ್ದದ್ದನ್ನ ಇದ್ದ ಹಾಗೆ ಕಳಿಸಿ. ಒಂದೇ ಒಂದು ಕ್ಲಿಪ್ ಸಾಕು. ಈಗ್ಲೇ ಕಳಿಸ್ತೀರಾ?"

ಕಳಿಸುತ್ತೇನೆ ಎಂದೆ.

ಜುಲೈ ೩೦, ಬುಧವಾರ

ಫೋಲ್ಡರು ತೆರೆದೆ. ಐವತ್ತಾರು ಕ್ಲಿಪ್‌ಗಳು. ಅಮ್ಮ ಬಾ, ಅಮ್ಮ ಯಾವಾಗ ಬರ್ತೀಯ, ಅಮ್ಮ ನಾನು ಜಾಣೆ ಆಗಿದೀನಿ ಬಾ. ಒಂದರಲ್ಲಿ ಅರ್ಧ ಮುಖ ಹೊರಗೆ, ಒಂದರಲ್ಲಿ ಹಿಂದೆ ಒಣಗಲು ಹಾಕಿದ ಟವೆಲು, ಒಂದರಲ್ಲಿ ನನ್ನ ಧ್ವನಿಯೇ "ಸುಮ್ನಿರು, ಮತ್ತೊಂದ್ಸಲ" ಎನ್ನುತ್ತಿದೆ. ಇಂಥದ್ದನ್ನು ಇದ್ದ ಹಾಗೆ ಕಳಿಸುವುದೇ? ಸಾವುಬದುಕಿನ ನಡುವೆ ಇರುವವಳಿಗೆ ಕಳಿಸುವಾಗ ಸ್ವಲ್ಪವಾದರೂ ಅಚ್ಚುಕಟ್ಟು ಬೇಡವೇ. ಕಳಿಸಿದರೆ ಒಳ್ಳೆಯದನ್ನೇ ಕಳಿಸಬೇಕು.

ಐವತ್ತಾರರಲ್ಲಿ ಇಪ್ಪತ್ತಮೂರು ಆರಿಸಿದೆ. ದಿನಾಂಕದ ಪ್ರಕಾರ ಜೋಡಿಸಿದರೆ ಏಕತಾನ ಎನಿಸಿತು. ಬಟ್ಟೆಯ ಬಣ್ಣದ ಪ್ರಕಾರ ಜೋಡಿಸಿದೆ: ಹಳದಿಯಿಂದ ಕೆಂಪಿಗೆ, ಕೆಂಪಿನಿಂದ ನೀಲಿಗೆ. ಈಗ ಒಂದು ಹರಿವು ಬಂದಿದೆ.

ಮೇಷ್ಟ್ರು ಮೂರು ಸಲ ಕೇಳಿದರು. ನಾಳೆ ಬೆಳಿಗ್ಗೆ ಎಂದಿದ್ದೇನೆ.

ಜುಲೈ ೩೧, ಗುರುವಾರ

ಇಪ್ಪತ್ತೆರಡು ಜೋಡಣೆಗಳು. ಎಲ್ಲದಕ್ಕೂ ಒಂದೇ ಅಳತೆಯ ಡಿಸಾಲ್ವ್ ಹಾಕಿದರೆ ಯಂತ್ರ ಮಾಡಿದಂತಿರುತ್ತದೆ. ಅಳು ಏರುವ ಕಡೆ ಹನ್ನೆರಡು ಫ್ರೇಮು, ಇಳಿಯುವ ಕಡೆ ಮೂವತ್ತು. ಏಳನೆಯ ಜೋಡಣೆಯಲ್ಲಿ ಚಿತ್ರ ಬಿಳಿಯಾಗಿ ಮತ್ತೆ ಮೂಡುವ ಹಾಗೆ ಮಾಡಿ ನೋಡಿದೆ. ಆಸ್ಪತ್ರೆ ನೆನಪಾಗುತ್ತದೆ, ಬೇಡ. ಕಪ್ಪು ಮಾಡಿದೆ, ಅದು ಸಾವಿನ ಹಾಗೆ, ಅದೂ ಬೇಡ. ಮತ್ತೆ ಡಿಸಾಲ್ವ್‌ಗೇ ಬಂದೆ. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಧ್ವನಿಯ ಕೆಲಸ ಇನ್ನೂ ಕಷ್ಟ. ಒಂದು ಅಳುವಿನ ಬಾಲ ಇನ್ನೊಂದರ ತಲೆಗೆ ಸೇರಬೇಕು, ನಡುವೆ ಉಸಿರು ಕತ್ತರಿಸಬಾರದು. ಕಿವಿಗೆ ಹೆಡ್‌ಫೋನು ಹಾಕಿದ್ದೆ, ಫೋನು ಸದ್ದಿಲ್ಲದ ಹಾಗೆ ಇಟ್ಟಿದ್ದೆ. ತೆಗೆದು ನೋಡಿದರೆ ಮೇಷ್ಟ್ರ ಹತ್ತೊಂಬತ್ತು ಕರೆಗಳು. ಒಂದು ಸಂದೇಶ: ಅಕ್ಕಾ, ದಮ್ಮಯ್ಯ, ಯಾವುದಾದರೂ ಒಂದು.

ಒಂದು ಎಂದರೆ ಯಾವುದು? ಅವರಿಗೆ ಕೆಲಸದ ಬಗ್ಗೆ ಏನು ಗೊತ್ತು. ಇಷ್ಟು ದಿನ ಮಗಳನ್ನು ಯಾರು ನೋಡಿಕೊಂಡರು ಎಂದು ಒಮ್ಮೆಯಾದರೂ ಕೇಳಿದರೇ. ಅವಳು ಬದುಕಿ ಬಂದರೆ ಒಳ್ಳೆಯದೇ, ನಾನು ಬೇಡ ಎಂದೆನೇ? ಬಂದರೆ ನಾನು ಕಂಪ್ಯೂಟರ್ ಎತ್ತಿಕೊಂಡು ನನ್ನ ಒಂಟಿ ಕೋಣೆಗೆ ಹೋಗುತ್ತೇನೆ. ಎರಡು ಜಡೆ ಅವಳೇ ಹಾಕುತ್ತಾಳೆ. ಅದಕ್ಕೇನಂತೆ.

ಹದಿನಾಲ್ಕನೆಯ ಜೋಡಣೆ ಇನ್ನೂ ಕೂತಿಲ್ಲ.

ಆಗಸ್ಟ್ ೧, ಶುಕ್ರವಾರ

ಬೆಳಿಗ್ಗೆ ಹತ್ತಕ್ಕೆ ಎಕ್ಸ್‌ಪೋರ್ಟ್ ಮಾಡಿದೆ, ಎಂದರೆ ತುಂಡುಗಳನ್ನೆಲ್ಲ ಸೇರಿಸಿ ಒಂದೇ ವಿಡಿಯೊ ಮಾಡಿದೆ. ಪೂರ್ತಿ ನೋಡಿದೆ. ಹದಿನಾಲ್ಕನೆಯ ಕಡೆ ಕಡ್ಡಿಯ ತಲೆ ಒಂದು ಚೂರು ಹಾರುತ್ತದೆ. ಬೇರೆಯವರಿಗೆ ಕಾಣದೇ ಇರಬಹುದು, ನನಗೆ ಕಂಡಮೇಲೆ ಬಿಡುವುದು ಹೇಗೆ. ಸರಿಮಾಡಿ ಮತ್ತೆ ಎಕ್ಸ್‌ಪೋರ್ಟ್‌ಗೆ ಹಾಕಿದೆ. ಅದಕ್ಕೆ ಹಿಡಿಯುವ ಸಮಯ ಹಿಡಿಯುತ್ತದೆ, ಅದು ನನ್ನ ಕೈಯಲ್ಲಿಲ್ಲ.

ನಾಲ್ಕೂ ಮುಕ್ಕಾಲಿಗೆ ಕಳಿಸಿದೆ. ಅವಳು ಮೂರು ಗಂಟೆಗೇ ಬೇಡವೆಂದು ಸಹಿ ಹಾಕಿದ್ದಳಂತೆ.

ವಿಡಿಯೊ ಹೇಗಿದೆ ಎಂದು ಮೇಷ್ಟ್ರು ಹೇಳಲಿಲ್ಲ.

ಆಗಸ್ಟ್ ೫, ಮಂಗಳವಾರ

ತಂಗಿಯನ್ನು ಮನೆಗೆ ಕರೆತಂದರು. ಆಂಬುಲೆನ್ಸಿನಿಂದ ಇಳಿಸುವಾಗ ಟೈಲರಮ್ಮನೂ ಕೈ ಕೊಟ್ಟರು. ತೂಕವೇ ಇಲ್ಲ. ಇನ್ನು ಕೆಲವು ವಾರಗಳು ಎಂದಿದ್ದಾರೆ. ನಾನು ಕಳಿಸಿದ್ದನ್ನು ಮೇಷ್ಟ್ರು ಅವಳಿಗೆ ತೋರಿಸಿಲ್ಲ. ಸಹಿ ಹಾಕಿದ ಮೇಲೆ ತೋರಿಸಿ ಸಂಕಟ ಕೊಡುವುದೇಕೆ ಎಂದುಕೊಂಡರಂತೆ.

ಕಡ್ಡಿ ನನ್ನ ಸೆರಗು ಹಿಡಿದು ನಿಂತಿದ್ದಳು. ಹೋಗಲಾರಳು ಎಂದುಕೊಂಡಿದ್ದೆ. ಹೋದಳು. ಮಂಚದ ಪಕ್ಕ ನಿಂತು, ಅಳದೆ, ಮೂರರವರೆಗೆ ಎಣಿಸುವಷ್ಟು ಹೊತ್ತು ಅಲುಗಾಡದೆ ಇದ್ದು ಕೇಳಿದಳು:

"ನಾನು ದಿನಾ ಕರೆದೆ. ನೀನು ಯಾಕೆ ಬರ್ತೀನಿ ಅಂತ ಅನ್ನೋದೇ ಬಿಟ್ಟೆ?"

"ಅಂದೆ ಕಣೇ. ಪ್ರತಿ ಸಲಾನೂ ಅಂದೆ," ಎಂದಳು ತಂಗಿ. ಆಮೇಲೆ ತಡೆದು, "ನೀನು ಕರೆದ್ಯಾ?" ಎಂದಳು.

"ದಿನಾ. ದೊಡ್ಡಮ್ಮನ ಹತ್ರ ಫೋಲ್ಡರ್ ಇದೆ."

ತಾಯಿ ಮಗಳು ಇಬ್ಬರೂ ನನ್ನ ಕಡೆ ನೋಡಿದರು. ಒಲೆಯ ಮೇಲೆ ಹಾಲಿತ್ತು, ನಾನು ಒಳಗೆ ಹೋದೆ. ತಂಗಿ ಗಂಡನನ್ನು ಕೂಗುವುದು ಅಲ್ಲಿಗೂ ಕೇಳಿಸಿತು. "ಡಾಕ್ಟರಿಗೆ ಫೋನ್ ಮಾಡ್ರೀ. ನಾನು ತಗೋತೀನಿ ಅನ್ನಿ. ಈಗ್ಲೇ ಹೊರಡೋಣ ಅನ್ನಿ." ಮೇಷ್ಟ್ರು ಫೋನ್ ಮಾಡಿದರು. ಬಹಳ ಹೊತ್ತು ಕೇಳಿಸಿಕೊಂಡರು. ಮೊದಲ ಸುತ್ತಿನ ಗುಣ ಇಳಿದುಹೋಗಿದೆ, ಇನ್ನೊಮ್ಮೆ ಮೊದಲಿನಿಂದ ಶುರುಮಾಡಲು ಈ ದೇಹ ತಾಳುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ.

ಹಾಲು ಉಕ್ಕಿತ್ತು. ಒಲೆ ಒರೆಸಿದೆ.

ಆಗಸ್ಟ್ ೭, ಗುರುವಾರ

ಬೆಳಿಗ್ಗೆ ತಂಗಿ ನನ್ನನ್ನು ಕರೆದು, "ಎಲ್ಲಾ ತೋರ್ಸು. ಕತ್ತರಿಸದೆ ಇರೋದು" ಎಂದಳು. ಬೇಡ, ಆಯಾಸವಾಗುತ್ತದೆ ಎಂದೆ. ಜೋಡಿಸಿ ಇಟ್ಟಿರುವ ಇಪ್ಪತ್ತಮೂರರದ್ದು ಇದೆ, ಬಹಳ ಚೆನ್ನಾಗಿ ಬಂದಿದೆ, ಅದನ್ನೇ ನೋಡು ಎಂದೆ. ಅವಳು ತಲೆಯಾಡಿಸಿದಳು. ಮೇಷ್ಟ್ರು ನನ್ನ ಕಂಪ್ಯೂಟರನ್ನು ಎತ್ತಿಕೊಂಡು ಹೋಗಿ ಮಂಚದ ಪಕ್ಕ ಇಟ್ಟರು.

ಐವತ್ತಾರನ್ನೂ ನೋಡಿದಳು. ಎರಡು ಗಂಟೆ ಹತ್ತು ನಿಮಿಷ. ನನಗೇ ಕೂರಲಾಗಲಿಲ್ಲ: ಕ್ಯಾಮೆರಾ ಅಲುಗುತ್ತದೆ, ಬೆಳಕು ಏರುಪೇರು, ನಡುನಡುವೆ ನನ್ನ ಕರ್ಕಶ ಧ್ವನಿ. ಅವಳು ಒಂದು ಕಡೆಯೂ ನಿಲ್ಲಿಸಲಿಲ್ಲ, ಓಡಿಸಲಿಲ್ಲ. ಅಳಲೂ ಇಲ್ಲ. ಕಡ್ಡಿ ಅವಳ ತೋಳಿನ ಮೇಲೆ ನಿದ್ದೆ ಹೋಗಿದ್ದಳು. ಪರದೆಯ ಮೇಲೆ ಅಮ್ಮ ಬಾ ಎಂದಾಗಲೆಲ್ಲ ತಂಗಿ ಮಲಗಿದ್ದವಳ ಕಿವಿಯ ಹತ್ತಿರ "ಬಂದೆ" ಎನ್ನುತ್ತಿದ್ದಳು. ಐವತ್ತಾರು ಸಲವೂ ಅಂದಳು.

ಮುಗಿದ ಮೇಲೆ, ನಾನು ಕಳಿಸುತ್ತಿದ್ದ ಭಾನುವಾರದ ವಿಡಿಯೊಗಳಲ್ಲಿ ಒಂದನ್ನು ಹಾಕು ಎಂದಳು. ಹಾಕಿದೆ. ಹಲ್ಲು, ಪೆನ್ಸಿಲ್ಲು, ಟಾಟಾ. ಮುಖವನ್ನು ಪರದೆಯ ಹತ್ತಿರ ತಂದು ಪ್ರತಿ ಜೋಡಣೆಯನ್ನೂ ಬಗ್ಗಿ ನೋಡಿದಳು. ಆಮೇಲೆ ದಿಂಬಿಗೆ ಒರಗಿ, ಮೊದಲ ಸಲ ನನ್ನ ಮುಖ ನೋಡಿ ಹೇಳಿದಳು:

"ಎಷ್ಟು ಚೆನ್ನಾಗಿ ಮಾಡಿದೀಯ ಅಕ್ಕ. ನಂಗೆ ಗೊತ್ತೇ ಆಗ್ಲಿಲ್ಲ."

ಇಷ್ಟು ವರ್ಷದ ಕೆಲಸದಲ್ಲಿ ಯಾವ ಗಿರಾಕಿಯೂ ನನಗೆ ಈ ಮಾತು ಹೇಳಿರಲಿಲ್ಲ. ನಮ್ಮ ಮನೆಯಲ್ಲಂತೂ ಯಾರೂ ಹೇಳಿಲ್ಲ. ಥ್ಯಾಂಕ್ಸ್ ಎಂದೆ.